ಬಸಿರಿನ ಬಿಪಿ, ಬಾಣಂತಿಯ ಬಿಪಿ

ಪ್ರಶ್ನೆ: ನನಗೆ 29 ವರ್ಷ. ಚೊಚ್ಚಲ ಬಸಿರಿನ 33ನೇ ವಾರದಲ್ಲಿ ಬಿಪಿ 160/110ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡು ಸಿಸೇರಿಯನ್ ಮಾಡಿದರು. ಮಗುವಿಗೀಗ ಐದು ತಿಂಗಳು. ನನ್ನ ಬಿಪಿ 126/82, ಮಾತ್ರೆ ನಿಲ್ಲಿಸಿದ್ದಾರೆ. ‘ಬಸಿರಿನ ಬಿಪಿ, ಹೆತ್ತ ಮೇಲೆ ಹೋಯ್ತಲ್ಲ’ ಎನ್ನುತ್ತಾರೆ ಅಮ್ಮ. ಡಾಕ್ಟರು ಮಾತ್ರ ಹೃದಯದ ಬಗ್ಗೆ ಎಚ್ಚರ ಇರಲಿ ಅಂದರು. ಏಕೆ?
— ಓದುಗರು, ಹಾಸನ

ಉತ್ತರ: ನಿಮಗಾದದ್ದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ. ಇದರ ಮೂಲ ಮಾಸಿನಲ್ಲಿದೆ. ಮಾಸಿಗೆ ರಕ್ತ ಒಯ್ಯುವ ನಾಳಗಳು ಸಾಕಷ್ಟು ಅಗಲವಾಗದಿದ್ದಾಗ ಅದು ಕೆಲವು ವಸ್ತುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಮೈಯ ಎಲ್ಲ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಮಾಸು ಬಿದ್ದ ಮೇಲೆ ಬಿಪಿ ಇಳಿಯುತ್ತದೆ, ಅಷ್ಟರ ಮಟ್ಟಿಗೆ ಅಮ್ಮನ ಮಾತು ಸರಿ. ಆದರೆ ಇದು ಬಂದುಹೋದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಸಾಧ್ಯತೆ ಮುಂದೆ ಸುಮಾರು ಎರಡು ಪಟ್ಟು, ಹೃದಯ ವೈಫಲ್ಯದ್ದು ನಾಲ್ಕು ಪಟ್ಟು. ನಿಮ್ಮಂತೆ 34 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ ಇನ್ನೂ ಹೆಚ್ಚು. ಗಾಬರಿ ಬೇಡ, ನಿಮ್ಮ ವಯಸ್ಸಿಗೆ ಆ ಮೂಲ ಅಪಾಯವೇ ತೀರಾ ಕಡಿಮೆ. ಅದರ ಎರಡು ಪಟ್ಟೂ ದೊಡ್ಡದಲ್ಲ; ನಲವತ್ತು ದಾಟಿದ ಮೇಲೆ ಲೆಕ್ಕಕ್ಕೆ ಬರುತ್ತದೆ.

ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಮೂತ್ರದ ಪ್ರೋಟೀನ್ ಒಮ್ಮೆ ಈಗಲೇ ಆಗಲಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಕಾಗದ ಎಸೆಯಬೇಡಿ. ಇಪ್ಪತ್ತು ವರ್ಷದ ನಂತರ ಎದೆನೋವೆಂದು ಹೋದಾಗಲೂ ಈ ಸಂಗತಿ ನೀವಾಗಿಯೇ ಹೇಳಿ, ಕೇಳುವವರು ಕಡಿಮೆ. ಮತ್ತೆ ಬಸಿರಾದರೆ ಮೊದಲ ತಿಂಗಳುಗಳಲ್ಲೇ ವೈದ್ಯರನ್ನು ಕಾಣಿ. ಸಣ್ಣ ಪ್ರಮಾಣದ ಆಸ್ಪಿರಿನ್ (75ರಿಂದ 150 ಮಿ.ಗ್ರಾಂ) 12ನೇ ವಾರದ ಸುಮಾರಿಗೆ, 16 ವಾರ ತುಂಬುವುದರೊಳಗೆ ಶುರುವಾದರೆ ಹೆಚ್ಚು ಉಪಯೋಗ. ನೀವಾಗಿಯೇ ತೆಗೆದುಕೊಳ್ಳಬೇಡಿ.

ಪ್ರಶ್ನೆ: ತಂಗಿಗೆ ಎಂಟು ತಿಂಗಳು, ಬಿಪಿಗೆ ಲಾಬೆಟಲಾಲ್ ಕೊಡುತ್ತಿದ್ದಾರೆ. ಬಾಣಂತನ ನಮ್ಮಲ್ಲೇ. ಮನೆಯಲ್ಲಿ ಏನು ಗಮನಿಸಬೇಕು?
— ಓದುಗರು, ಶಿರಸಿ

ಉತ್ತರ: ಹೆರಿಗೆಯ ನಂತರ ಬಿಪಿ ಅತಿ ಹೆಚ್ಚು ಏರುವುದು ಮೂರರಿಂದ ಆರನೇ ದಿನದ ನಡುವೆ, ಅಂದರೆ ಬಾಣಂತಿ ಮನೆಗೆ ಬಂದ ಹೊತ್ತಿಗೆ ಸರಿಯಾಗಿ. ತೋಳಿಗೆ ಕಟ್ಟುವ ಬಿಪಿ ಯಂತ್ರ ತಂದಿಟ್ಟುಕೊಳ್ಳಿ. ಪಟ್ಟಿ ತೋಳಿಗೆ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಐದು ನಿಮಿಷ ಒರಗಿ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. 150/100 ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸಿ. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿ, ಹದಿನೈದು ನಿಮಿಷದ ಮೇಲೂ ಹಾಗೇ ಇದ್ದರೆ ನೇರ ಆಸ್ಪತ್ರೆಗೆ. ‘ಚೆನ್ನಾಗಿದ್ದಾಳಲ್ಲ’ ಎಂದು ಮಾತ್ರೆ ನಿಲ್ಲಿಸಬೇಡಿ. ಹಾಲೂಡಿಸುವಾಗಲೂ ಲಾಬೆಟಲಾಲ್ ನಡೆಯುತ್ತದೆ.

ನಮ್ಮ ಮನೆಗಳಲ್ಲಿ ಎಡವುವುದು ತಲೆನೋವಿನ ವಿಷಯದಲ್ಲಿ. ಬಾಣಂತಿ ತಲೆನೋವೆಂದರೆ ‘ಗಾಳಿ ಹೊಕ್ಕಿದೆ’ ಎಂದು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಮಲಗಿಸುತ್ತಾರೆ. ಕಟ್ಟಿ, ಅಡ್ಡಿಯಿಲ್ಲ; ಜೊತೆಗೇ ಬಿಪಿ ನೋಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು ಫಿಟ್ಸ್‌ನ ಮುನ್ಸೂಚನೆ ಆಗಿರಬಹುದು. ಹೆರಿಗೆಯಾಗಿ ವಾರಗಳ ನಂತರವೂ ಫಿಟ್ಸ್ ಬರುವುದುಂಟು. ಬಂದರೆ ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕದೆ 108ಕ್ಕೆ ಕರೆ ಮಾಡಿ. ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಬೇಗ ಸಿಗಬೇಕು.

ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿಂಬು ಬೇಕೆನಿಸುವುದು, ರಾತ್ರಿ ಕೆಮ್ಮು ಇವು ಹೃದಯ ಸೋಲುತ್ತಿರುವ ಗುರುತು. ಇದು ಬಸಿರಿನ ಕೊನೆಯ ತಿಂಗಳಿಂದ ಮಗುವಿಗೆ ಐದು ತಿಂಗಳಾಗುವವರೆಗೂ ಬರಬಹುದು. ಸುಸ್ತೆಂದು ಬಿಡದೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.