ಬರೆಯದ ಹಕ್ಕನ್ನು ಕೋರ್ಟ್ ಓದಬಹುದೇ?

ಪ್ರಶ್ನೆ: ಕಾನೂನು ಮಾಡುವವರು ನಾವು ಓಟು ಹಾಕಿ ಕಳಿಸಿದವರು. ಅವರು ಬರೆಯದ ಹಕ್ಕನ್ನು ನ್ಯಾಯಾಧೀಶರು ‘ಇದೆ’ ಎಂದರೆ ಪ್ರಜಾಪ್ರಭುತ್ವಕ್ಕೆ ಒಪ್ಪುತ್ತದೆಯೇ?
— ಪದವಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ನೋಡೋಣ. ಮೋಹಿನಿ ಜೈನ್ ವರ್ಸಸ್ ಕರ್ನಾಟಕ ರಾಜ್ಯ, 1992. ಮೀರತ್‌ನ ಈ ಯುವತಿಗೆ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದು ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಲು ಹೇಳಿತು. ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಬೇರೆ. ತಂದೆಗೆ ಅಷ್ಟು ಶಕ್ತಿ ಇರಲಿಲ್ಲ. ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ಗೊತ್ತುಮಾಡಿದ್ದು 1989ರ ಸರ್ಕಾರಿ ಅಧಿಸೂಚನೆ.

ಡೊನೇಷನ್ ಹಾವಳಿ ತಡೆಯಲು ರಾಜ್ಯ 1984ರಲ್ಲೇ ಕಾಯ್ದೆ ಮಾಡಿತ್ತು. ನಿಗದಿತ ಶುಲ್ಕಕ್ಕಿಂತ ಹೆಚ್ಚಿಗೆ ವಸೂಲಿ ಮಾಡಿದ್ದೆಲ್ಲ, ಯಾವ ಹೆಸರಿಟ್ಟರೂ, ಕ್ಯಾಪಿಟೇಷನ್ ಶುಲ್ಕ ಎಂದು ಅದರ ವ್ಯಾಖ್ಯೆ. ಬರೀ ಅಕ್ಷರ ಹಿಡಿದರೆ ಕಾಲೇಜಿನ ವಾದಕ್ಕೆ ಬಲವಿತ್ತು. ಸರ್ಕಾರವೇ ನಿಗದಿ ಮಾಡಿದ ಮೇಲೆ ‘ಹೆಚ್ಚಿಗೆ’ ಎಲ್ಲಿಂದ ಬಂತು? ಸುಪ್ರೀಂ ಕೋರ್ಟ್ ಕಾಯ್ದೆಯ ಪೀಠಿಕೆಗೆ ಹೋಯಿತು. ತಡೆಯಲು ಹೊರಟ ಪಿಡುಗನ್ನೇ ಅಧಿಸೂಚನೆ ಹಿಂಬಾಗಿಲಿಂದ ಬಿಟ್ಟುಕೊಳ್ಳುತ್ತಿದೆ ಎಂದು ಆ 60,000ದ ಕಲಮನ್ನು ರದ್ದುಮಾಡಿತು. ಇದು ಶಾಸಕರ ಉದ್ದೇಶಕ್ಕೆ ಕೊಟ್ಟ ಗೌರವ ಎಂದೇ ನನ್ನ ಅಭಿಪ್ರಾಯ. (ಆಕೆಗೆ ಮಾತ್ರ ಸೀಟು ಸಿಗಲಿಲ್ಲ. ಮೆರಿಟ್ ಮೇಲೆ ಬಂದವರಲ್ಲ, ತರಗತಿ ಶುರುವಾಗಿ ವರ್ಷ ದಾಟಿದೆ ಎಂದಿತು ಕೋರ್ಟ್. ಓದುವಾಗ ಈಗಲೂ ನೋವಾಗುತ್ತದೆ.)

ಇನ್ನು ನಿಮ್ಮ ಪ್ರಶ್ನೆ. ಸಂವಿಧಾನದ 21ನೇ ವಿಧಿಯಲ್ಲಿ ಜೀವ, ವೈಯಕ್ತಿಕ ಸ್ವಾತಂತ್ರ್ಯ ಎಂದಿದೆ, ಶಿಕ್ಷಣದ ಮಾತಿಲ್ಲ. ಅದಿದ್ದದ್ದು 41, 45ನೇ ವಿಧಿಗಳಲ್ಲಿ, ನಿರ್ದೇಶಕ ತತ್ವವಾಗಿ, ಅಂದರೆ ಕೋರ್ಟಿನಲ್ಲಿ ಕೇಳಿ ಪಡೆಯಲಾಗದ, ಸರ್ಕಾರಕ್ಕೆ ದಾರಿ ತೋರುವ ಮಾತಾಗಿ. ಎರಡನ್ನೂ ಕೂಡಿಸಿ ಓದಿದ ಇಬ್ಬರು ನ್ಯಾಯಮೂರ್ತಿಗಳು, ಘನತೆಯಿಂದ ಬಾಳಲು ಓದು ಬೇಕೇಬೇಕು, ಆದ್ದರಿಂದ ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದರು. ‘ಎಲ್ಲ ಹಂತ’ ಎಂದದ್ದು ಅತಿಯಾಯಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದಕ್ಕೆ ಗಡಿ ಹಾಕಿತು: 14 ವರ್ಷದವರೆಗೆ ಹಕ್ಕು, ಆಮೇಲೆ ಸರ್ಕಾರದ ಹಣಕಾಸಿನ ಶಕ್ತಿ ಇದ್ದಷ್ಟು.

ಕೋರ್ಟ್ ಸಂವಿಧಾನವನ್ನು ಹೀಗೆ ಅರ್ಥೈಸಿದ್ದು ತಪ್ಪು ಎನಿಸಿದ್ದರೆ ಸಂಸತ್ತು ತಿದ್ದುಪಡಿಗೆ ಮುಂದಾಗಬಹುದಿತ್ತು. ತಿದ್ದುಪಡಿ ತಂದಿತು ಕೂಡ, ಹಕ್ಕನ್ನು ಗಟ್ಟಿಮಾಡಲು. 2002ರ 86ನೇ ತಿದ್ದುಪಡಿಯಲ್ಲಿ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಬರಹಕ್ಕಿಳಿಯಿತು. ಅದನ್ನು ಜಾರಿಗೊಳಿಸುವ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದನ್ನು ಬರೆದವರು ನೀವು ಓಟು ಹಾಕಿ ಕಳಿಸುವವರೇ.