ಡಿಶ್‌ವಾಶರ್ ತಳದಲ್ಲಿ ನೀರು ನಿಂತಿದೆಯಾ? ಮೊದಲು ಒಂದು ಬಕೆಟ್ ತನ್ನಿ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮನೆ. ಡಿಶ್‌ವಾಶರ್ ಯುಟಿಲಿಟಿಯಲ್ಲಿದೆ, ವಾಷಿಂಗ್ ಮೆಷಿನ್ ಪಕ್ಕದಲ್ಲೇ. ಹತ್ತು ದಿನದಿಂದ ಪಾತ್ರೆ ತೊಳೆದು ಮುಗಿದ ಮೇಲೂ ತಳದಲ್ಲಿ ಎರಡು ಚೊಂಬಿನಷ್ಟು ಗಲೀಜು ನೀರು ಉಳಿಯುತ್ತಿದೆ. ಕೆಲವು ಸಲ ಅರ್ಧಕ್ಕೇ ನಿಂತು ಎರರ್ ತೋರಿಸುತ್ತದೆ. ಫಿಲ್ಟರ್ ತೊಳೆದೆ, ಸರಿಹೋಗಲಿಲ್ಲ. ರಿಪೇರಿಯವರು ಬಂದು ಐದು ನಿಮಿಷ ನೋಡಿ, ಪಂಪ್ ಹೋಗಿದೆ, ಹೊಸದು ಹಾಕಬೇಕು ಅಂದರು. ಹೋದ ತಿಂಗಳು ಟೈಲ್ಸ್ ಕೆಲಸಕ್ಕೆ ಅಂತ ಮೆಷಿನ್ ಸರಿಸಿದ್ದೆವು, ಆಮೇಲೆ ಚೆನ್ನಾಗೇ ಓಡುತ್ತಿತ್ತು. ಪಂಪ್ ಹಾಕಿಸಲೇ?

ಉತ್ತರ: ಈಗಲೇ ಹಾಕಿಸಬೇಡಿ. ಪಂಪ್ ಹೋಗಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಐದು ನಿಮಿಷ ಮೇಲಿಂದ ನೋಡಿ ಅದನ್ನು ಹೇಳಲು ಆಗಲ್ಲ. ಎರರ್ ಕೋಡ್ ನೋಡಿ ಹೇಳಿದ್ದರೂ ಅಷ್ಟೇ. ಬಾಷ್, ಸೀಮೆನ್ಸ್ ಮೆಷಿನ್‌ಗಳಲ್ಲಿ ಇ24 ಅಂತ ಬಂದರೆ ನೀರು ಹೋಗುವ ಪೈಪ್ ಮಡಚಿದೆ ಅಥವಾ ಕಟ್ಟಿದೆ ಅಂತ ಅರ್ಥ. ಇ25 ಬಂದರೆ ಪಂಪ್‌ಗೆ ಏನೋ ಸಿಕ್ಕಿಕೊಂಡಿದೆ ಅಥವಾ ಅದರ ಮುಚ್ಚಳ ಸರಿಯಾಗಿ ಕೂತಿಲ್ಲ. ಎಲ್‌ಜಿಯಲ್ಲಿ ಒಇ ಬರುತ್ತದೆ. ಇದ್ಯಾವುದೂ ಪಂಪ್ ಸುಟ್ಟಿದೆ ಅಂತ ಹೇಳುವುದಿಲ್ಲ. ಹೋಗಬೇಕಾದ ನೀರು ಹೋಗಿಲ್ಲ ಅನ್ನುವುದು ಮಾತ್ರ ಮೆಷಿನ್‌ಗೆ ಗೊತ್ತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಟೈಲ್ಸ್ ವಿಷಯ. ಮೆಷಿನ್ ಸರಿಸಿ ಮತ್ತೆ ಗೋಡೆಗೆ ಒತ್ತಿದಾಗ ಹಿಂದಿನ ಪೈಪ್ ಮಡಚಿಕೊಳ್ಳುತ್ತದೆ. ಸ್ವಲ್ಪವೇ ಮಡಚಿದ್ದರೆ ಕೆಲವು ವಾರ ನೀರು ಹೇಗೋ ಹೋಗುತ್ತಿರುತ್ತದೆ, ಆಮೇಲೆ ಆ ಮಡಿಕೆಯಲ್ಲಿ ಜಿಡ್ಡು, ಅನ್ನದ ಗಂಜಿ ಕೂತು ದಾರಿ ಪೂರ್ತಿ ಕಟ್ಟುತ್ತದೆ. ಇನ್ನೊಂದು ಸಾಧ್ಯತೆ ಇದೆ. ಗಾರೆ ಕೆಲಸದವರು ಪೈಪಿನ ತುದಿಯನ್ನು ಮತ್ತೆ ಸಿಕ್ಕಿಸುವಾಗ ಸುಮ್ನೆ ಒಳಗೆ ತಳ್ಳಿಬಿಟ್ಟಿರುತ್ತಾರೆ. ಅದು ಒಂದು ಅಡಿ ಆಳಕ್ಕೆ ಹೋಗಿ ಗೋಡೆ ಪೈಪಿನ ಬೆಂಡ್‌ಗೆ ಒತ್ತಿಕೊಂಡಿರುತ್ತದೆ. ಸಿಮೆಂಟ್ ಚೂರು ಬಿದ್ದು ಗೋಡೆಯ ಪೈಪೇ ಕಟ್ಟಿರುವುದೂ ಉಂಟು.

ಹಾಗಾಗಿ ಮೊದಲು ಬಕೆಟ್ ಪರೀಕ್ಷೆ ಮಾಡಿ. ತಳದಲ್ಲಿ ನಿಂತ ನೀರನ್ನು ತೆಗೆಯಬೇಡಿ, ಹಾಗೇ ಇರಲಿ. ಡಿಶ್‌ವಾಶರ್‌ನ ಪೈಪ್ ತುದಿಯನ್ನು ಗೋಡೆಯಿಂದ ಎಳೆದು ಬಕೆಟ್ಟಿಗೆ ಬಿಡಿ. ಬಕೆಟ್ ನೆಲದ ಮೇಲೆ ಬೇಡ, ಮೊದಲು ಪೈಪ್ ಎಷ್ಟು ಎತ್ತರದಲ್ಲಿತ್ತೋ ಹೆಚ್ಚುಕಮ್ಮಿ ಅಷ್ಟೇ ಎತ್ತರಕ್ಕೆ ಸ್ಟೂಲ್ ಮೇಲೆ ಇಡಿ, ಇಲ್ಲದಿದ್ದರೆ ಸೋತ ಪಂಪ್ ಕೂಡ ಚೆನ್ನಾಗಿದೆ ಅನ್ನಿಸುತ್ತದೆ. ಈಗ ಮೆಷಿನ್‌ಗೆ ರೀಸೆಟ್ ಕೊಡಿ. ಹೆಚ್ಚಿನವುಗಳಲ್ಲಿ ಸ್ಟಾರ್ಟ್ ಅಥವಾ ರೀಸೆಟ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ನೀರು ಹೊರಹಾಕಿ ನಿಲ್ಲುತ್ತದೆ.

ನೀರು ಜೋರಾಗಿ ಬಕೆಟ್ಟಿಗೆ ಬಿತ್ತಾ? ಹಾಗಾದರೆ ನಿಮ್ಮ ಪಂಪ್ ಸರಿಯಾಗಿದೆ, ತೊಂದರೆ ಇರುವುದು ಗೋಡೆಯ ಪೈಪಿನಲ್ಲಿ ಅಥವಾ ನೀವು ಎಳೆದಾಗ ಬಿಡಿಸಿಕೊಂಡ ಮಡಿಕೆಯಲ್ಲಿ. ಪ್ಲಂಬರ್ ಕರೆಸಿ. ಗುಂಯ್ ಅಂತ ಸದ್ದು ಬರುತ್ತಿದೆ, ನೀರು ಬರುತ್ತಿಲ್ಲ ಅಂದರೆ ಪಂಪ್ ತಿರುಗಲು ಒದ್ದಾಡುತ್ತಿದೆ ಅಥವಾ ಮುಂದೆ ಎಲ್ಲೋ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ಮಾತ್ರ ಪಂಪ್, ವೈರ್ ಅಥವಾ ಮೆಷಿನ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಬಗ್ಗೆ ಅನುಮಾನ ಪಡಬೇಕು.

ಗುಂಯ್ ಅನ್ನುತ್ತಿದ್ದರೆ ಪಂಪಿನ ಬಾಯಿ ನೀವೇ ನೋಡಬಹುದು. ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಸಿ ಇದ್ದರೆ ಆರಲಿ. ನೀರನ್ನು ಲೋಟದಲ್ಲಿ ಮೊಗೆದು, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ, ಒಡೆದ ಗಾಜಿನ ಚೂರು ಕೂತಿರುವುದು ಇಲ್ಲೇ. ಫಿಲ್ಟರ್ ತಿರುಗಿಸಿ ಎತ್ತಿದರೆ ಕೆಳಗೆ ಬಟ್ಟಲಿನಂಥ ಗುಂಡಿ, ಅದರ ಪಕ್ಕದ ಗೋಡೆಗೆ ಒಂದು ಪ್ಲಾಸ್ಟಿಕ್ ಮುಚ್ಚಳ. ಬಾಷ್ ಥರದ ಮೆಷಿನ್‌ಗಳಲ್ಲಿ ಅದನ್ನು ಚಮಚದ ಹಿಡಿಯಿಂದ ಮೀಟಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಪುಟ್ಟ ರೆಕ್ಕೆಗಳ ಚಕ್ರ ಇರುತ್ತದೆ, ಬೆರಳಲ್ಲಿ ತಿರುಗಿಸಿ ನೋಡಿ. ಸರಾಗವಾಗಿ ಗಿರ್ರನೆ ತಿರುಗುವುದಿಲ್ಲ, ತಡೆದು ತಡೆದು ಜಗ್ಗಿದಂತೆ ತಿರುಗುತ್ತದೆ. ಹೆದರಬೇಡಿ, ಒಳಗಿನ ಮ್ಯಾಗ್ನೆಟ್‌ನಿಂದ ಹಾಗಾಗುತ್ತದೆ. ಪೂರ್ತಿ ಸುತ್ತದೆ ಒಂದೇ ಕಡೆ ಗಟ್ಟಿಯಾಗಿ ನಿಂತರೆ ಅಲ್ಲಿ ಏನೋ ಇದೆ.

ಏನಿರುತ್ತೆ ಅಂದರೆ, ನಮ್ಮ ಅಡುಗೆಮನೆಯದೇ ಎಲ್ಲ. ಕರಿಬೇವಿನ ಕಡ್ಡಿ, ನುಗ್ಗೆಕಾಯಿ ನಾರು, ಹುಣಸೆ ಬೀಜದ ಸಿಪ್ಪೆ, ನಿಂಬೆ ಬೀಜ. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಉಪ್ಪಿನಕಾಯಿ ಬಾಟಲಿಯ ಲೇಬಲ್. ಬಾಟಲಿಯನ್ನು ಮರುಬಳಕೆಗೆ ಅಂತ ಹಾಗೇ ಡಿಶ್‌ವಾಶರ್‌ಗೆ ಇಡುತ್ತೀರಿ, ಬಿಸಿನೀರಿಗೆ ಅಂಟು ಬಿಟ್ಟು ಕಾಗದ ಮುದ್ದೆಯಾಗಿ ಇಳಿಯುತ್ತದೆ. ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಕೂಡ ಹಾಗೇ. ಎಲ್ಲ ತೆಗೆದ ಮೇಲೆ ಮುಚ್ಚಳವನ್ನು ಕ್ಲಿಕ್ ಅನ್ನುವ ತನಕ ಒತ್ತಿ, ಸಡಿಲ ಇದ್ದರೆ ಮತ್ತೆ ಅದೇ ಎರರ್. ಫಿಲ್ಟರ್ ಕೂಡ ಬಿಗಿಯಾಗಿ ಕೂರಬೇಕು. ನೀವು ತೊಳೆದು ವಾಪಸ್ ಇಡುವಾಗ ಪೂರ್ತಿ ತಿರುಗಿಸದೆ ಬಿಟ್ಟಿದ್ದರೆ ಸಾಸಿವೆ, ಅಗುಳು ಎಲ್ಲ ಪಕ್ಕದಿಂದ ನುಸುಳಿ ನೇರ ಪಂಪ್‌ಗೇ ಹೋಗುತ್ತದೆ.

ಇನ್ನೊಂದು ಗಮನಿಸಿ. ಡಿಶ್‌ವಾಶರ್ ಓಡಿಸದೇ ಇದ್ದ ದಿನವೂ ತಳದಲ್ಲಿ ನೀರು ಏರುತ್ತದೆಯಾ, ಅದಕ್ಕೆ ಬಟ್ಟೆ ಸೋಪಿನ ವಾಸನೆ ಇದೆಯಾ? ಎರಡೂ ಮೆಷಿನ್‌ನ ಪೈಪ್ ಒಂದೇ ತೂತಿಗೆ ಸೇರಿಸಿದ ಮನೆಗಳಲ್ಲಿ ವಾಷಿಂಗ್ ಮೆಷಿನ್ ಬಿಟ್ಟ ನೀರು ಇತ್ತ ತಿರುಗಿ ಬರುತ್ತದೆ. ಅದಕ್ಕೆ ಪೈಪ್ ಬೇರೆ ಮಾಡಿಸಬೇಕು, ಪಂಪ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಚೂರು ಶುದ್ಧ ನೀರು ಯಾವಾಗಲೂ ಇರುತ್ತದೆ, ಅದು ದೋಷ ಅಲ್ಲ.

ದಯವಿಟ್ಟು ಬಚ್ಚಲಿಗೆ ಹಾಕುವ ಆಸಿಡ್ಡನ್ನು ಒಳಗೆ ಸುರಿಯಬೇಡಿ. ರಬ್ಬರ್ ಸೀಲ್ ಹಾಳಾಗುತ್ತದೆ, ಆಮೇಲೆ ಬಿಚ್ಚುವವರ ಕೈ ಸುಡುತ್ತದೆ. ಪುಡಿ ಖಾಲಿಯಾಯ್ತು ಅಂತ ಕೈಯಲ್ಲಿ ತೊಳೆಯುವ ಲಿಕ್ವಿಡ್ ಹಾಕಿದರೂ ಕಷ್ಟ, ನೊರೆ ತುಂಬಿದರೆ ಪಂಪ್ ನೀರನ್ನು ತಳ್ಳಲಾರದು.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಸಿಂಕ್ ಕೆಳಗೆ ಹೊಸ ಗಾರ್ಬೇಜ್ ಡಿಸ್ಪೋಸರ್ (ಸಿಂಕಿಗೆ ಬಿದ್ದ ಆಹಾರದ ಚೂರು ಅರೆಯುವ ಯಂತ್ರ) ಹಾಕಿಸಿದ ದಿನದಿಂದ ಡಿಶ್‌ವಾಶರ್ ನೀರು ಹೋಗುತ್ತಿಲ್ಲ.

ಉತ್ತರ: ಹೊಸ ಡಿಸ್ಪೋಸರ್‌ನ ಪಕ್ಕದ ಕೊಳವೆ ಒಳಗೆ ದಾರಿ ಮುಚ್ಚುವ ಒಂದು ಬಿರಡೆ ಇದ್ದೇ ಬರುತ್ತದೆ, ಡಿಶ್‌ವಾಶರ್ ಪೈಪ್ ಜೋಡಿಸುವ ಮೊದಲು ಅದನ್ನು ಒಡೆಯಬೇಕು. ಅದನ್ನು ಮರೆತಿದ್ದಾರೆ ಅನ್ನಿಸುತ್ತದೆ. ಬ್ರೇಕರ್ ಆಫ್ ಮಾಡಿ ಪೈಪ್ ಬಿಚ್ಚಿ, ಕೊಳವೆಯೊಳಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ತಟ್ಟಿ. ಒಳಗೆ ಬಿದ್ದ ಚೂರನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದು, ಆಮೇಲೇ ಕರೆಂಟ್ ಕೊಡಿ.