ಲೈಸೆನ್ಸ್ ಮರಳಿ ಬಂದ ಮೇಲೆ ಎಸ್‌ಆರ್-22 ತಪ್ಪಿಹೋಗದಂತೆ

ಅಮೆರಿಕದಲ್ಲಿ ಕುಡಿದು ಗಾಡಿ ಓಡಿಸಿ (ಅಲ್ಲಿನ ಮಾತಿನಲ್ಲಿ ಡಿಯುಐ) ಸಿಕ್ಕಿಬಿದ್ದವರು, ವಿಮೆ ಇಲ್ಲದೆ ಅಪಘಾತ ಮಾಡಿಕೊಂಡವರು, ಲೈಸೆನ್ಸ್ ಅಮಾನತಿನಲ್ಲಿದ್ದಾಗಲೇ ಓಡಿಸಿದವರು ಮತ್ತೆ ಸ್ಟೇರಿಂಗ್ ಹಿಡಿಯಬೇಕಾದರೆ ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಆರ್-22 ಎಂಬ ಪ್ರಮಾಣಪತ್ರ ಬೇಕು. ಅದು ವಿಮೆಯಲ್ಲ. ‘ಈ ವ್ಯಕ್ತಿಗೆ ಕಾನೂನು ಕೇಳುವಷ್ಟು ಹೊಣೆಗಾರಿಕೆ ವಿಮೆ (ಬೇರೆಯವರಿಗೆ ಮಾಡಿದ ಹಾನಿಗೆ ಕೊಡುವ ವಿಮೆ) ಇದೆ, ಅದು ನಿಂತರೆ ನಾವೇ ತಿಳಿಸುತ್ತೇವೆ’ ಎಂದು ವಿಮಾ ಕಂಪನಿ ರಾಜ್ಯದ ಮೋಟಾರು ವಾಹನ ಇಲಾಖೆಗೆ, ಅಂದರೆ ಡಿಎಂವಿಗೆ, ಕೊಡುವ ಮಾತು. ಕರ್ನಾಟಕದಲ್ಲಿ ಗಾಡಿ ಓಡಿಸಿ ಅಭ್ಯಾಸವಾದವರಿಗೆ ವಿಮೆ ಎಂದರೆ ಗಾಡಿಯ ಕಾಗದ, ಆರ್‌ಸಿಯ ಜೊತೆಗಿರುವಂಥದ್ದು. ಎಸ್‌ಆರ್-22 ಹಾಗಲ್ಲ, ಅದು ಚಾಲಕನಿಗೆ ಅಂಟಿಕೊಂಡದ್ದು. ಗಾಡಿ ಮಾರಿದರೂ, ರಾಜ್ಯ ಬಿಟ್ಟರೂ ಬೆನ್ನು ಬಿಡುವುದಿಲ್ಲ. ಈ ಸಲದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದೇ ಈ ವ್ಯತ್ಯಾಸದಿಂದ.

ಪ್ರಶ್ನೆ: ಡಿಯುಐ ಪ್ರಕರಣದ ನಂತರ ಎಸ್‌ಆರ್-22 ಹಾಕಿಸಿ ನಿರ್ಬಂಧಿತ ಲೈಸೆನ್ಸ್ ಪಡೆದಿದ್ದೆ. ಐದು ವಾರ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಕ್ರೆಡಿಟ್ ಕಾರ್ಡ್ ಅವಧಿ ಮುಗಿದು ವಿಮೆಯ ಕಂತು ಕಟ್ಟಾಗಿಲ್ಲ, ಪಾಲಿಸಿ ರದ್ದಾಗಿದೆ. ಬಂದ ದಿನವೇ ಬೇರೆ ಕಂಪನಿಯಲ್ಲಿ ಹೊಸ ಪಾಲಿಸಿ ಮಾಡಿಸಿದೆ. ಆದರೂ ಡಿಎಂವಿಯಿಂದ ಅಮಾನತಿನ ಪತ್ರ ಬಂದಿದೆ. ಏಕೆ? — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ನೀವು ವಿಮೆ ಕೊಂಡಿರಿ, ಫೈಲಿಂಗ್, ಅಂದರೆ ಕಂಪನಿ ಇಲಾಖೆಗೆ ಎಸ್‌ಆರ್-22 ಕಳಿಸುವ ಸೇವೆ, ಕೊಳ್ಳಲಿಲ್ಲ. ಪಾಲಿಸಿ ರದ್ದಾದಾಗ ಹಳೆಯ ಕಂಪನಿ ಡಿಎಂವಿಗೆ ಎಸ್‌ಆರ್-26 ಎಂಬ ಇನ್ನೊಂದು ನಮೂನೆ ಕಳಿಸಿರುತ್ತದೆ. ‘ನಮ್ಮ ಮಾತು ಇಲ್ಲಿಗೆ ಮುಗಿಯಿತು’ ಎಂಬುದು ಅದರ ಅರ್ಥ. ಹೊಸ ಕಂಪನಿಗೆ ನೀವಾಗಿ ಕೇಳದ ಹೊರತು ಅದು ಎಸ್‌ಆರ್-22 ಕಳಿಸುವುದಿಲ್ಲ, ನಿಮಗೆ ಅದರ ಅಗತ್ಯವಿದೆ ಎಂಬುದೂ ಅದಕ್ಕೆ ತಿಳಿದಿರುವುದಿಲ್ಲ. ಹೀಗಾಗಿ ನಿಮ್ಮ ಕೈಯಲ್ಲಿ ಚಾಲ್ತಿಯ ವಿಮೆ ಇದ್ದರೂ ಡಿಎಂವಿ ದಾಖಲೆಯಲ್ಲಿ ನೀವು ವಿಮೆ ಇಲ್ಲದವರು.

ಪತ್ರ ಕೈಯಲ್ಲಿದೆ ಎಂದ ಮೇಲೆ ಈಗ ಗಾಡಿ ಮುಟ್ಟಬೇಡಿ. ಮೊದಲು ಹಳೆಯ ಕಂಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಬಾಕಿ ಕಟ್ಟಿದರೆ ಪಾಲಿಸಿಯನ್ನು ನಡುವೆ ಅಂತರವಿಲ್ಲದೆ ಮತ್ತೆ ಜಾರಿಗೆ ತರುತ್ತೀರಾ? ರದ್ದಾಗಿ ಕೆಲವೇ ದಿನಗಳಾಗಿದ್ದರೆ ಕೆಲವು ಕಂಪನಿಗಳು ಒಪ್ಪುತ್ತವೆ. ಇಲ್ಲಿ ಎರಡು ಪದಗಳನ್ನು ಗಮನಿಸಿ. ‘ರೀಇನ್‌ಸ್ಟೇಟ್’ ಎಂದರೆ ಹಳೆಯ ಪಾಲಿಸಿಯೇ ಮುಂದುವರಿಯಿತು. ‘ರೀರೈಟ್’ ಎಂದರೆ ಹೊಸ ನಂಬರಿನ ಹೊಸ ಪಾಲಿಸಿ, ಅದಕ್ಕೆ ಹೊಸದಾಗಿ ಎಸ್‌ಆರ್-22 ಹೋಗಲೇಬೇಕು. ಏಜೆಂಟರು ಮಾತಿನ ಭರದಲ್ಲಿ ಎರಡಕ್ಕೂ ‘ಆಯ್ತು, ಮತ್ತೆ ಚಾಲೂ ಆಗಿದೆ’ ಎಂದುಬಿಡುತ್ತಾರೆ. ರೀಇನ್‌ಸ್ಟೇಟ್ ಆದಾಗಲೂ ‘ವಿತೌಟ್ ಲ್ಯಾಪ್ಸ್’ ಎಂದು ಬರವಣಿಗೆಯಲ್ಲಿ ಪಡೆಯಿರಿ. ಅಂತರದೊಂದಿಗೆ ಆದರೆ ನಡುವಿನ ದಿನಗಳು ಡಿಎಂವಿಯ ಲೆಕ್ಕದಲ್ಲಿ ಖಾಲಿಯಾಗಿಯೇ ಉಳಿಯುತ್ತವೆ.

ಅದು ಆಗದಿದ್ದರೆ ಹೊಸ ಕಂಪನಿಗೇ ಎಸ್‌ಆರ್-22 ಹಾಕಲು ಹೇಳಿ. ಫೈಲಿಂಗ್ ಶುಲ್ಕ ಸಾಮಾನ್ಯವಾಗಿ 15ರಿಂದ 50 ಡಾಲರ್. ಎಲ್ಲ ಕಂಪನಿಗಳೂ ಈ ಕೆಲಸ ಮಾಡುವುದಿಲ್ಲ. ಅವರು ಒಲ್ಲೆ ಎಂದರೆ, ಹೆಚ್ಚು ಅಪಾಯದ ಚಾಲಕರಿಗೆಂದೇ ಇರುವ ಕಂಪನಿಗೆ ಹೋಗಬೇಕು. ಅಲ್ಲಿಯೂ ಸಿಗದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ‘ಕಾರ್ಪ್’ ಎಂದು ಕರೆಯುವ ಅಸೈನ್ಡ್ ರಿಸ್ಕ್ ಯೋಜನೆ ಇದೆ, ಅದರ ಮೂಲಕ ಯಾವುದಾದರೊಂದು ಕಂಪನಿ ನಿಮ್ಮನ್ನು ತೆಗೆದುಕೊಳ್ಳಲೇಬೇಕಾಗುತ್ತದೆ. ಫೈಲಿಂಗ್ ಹೋದ ಮೇಲೆ ಡಿಎಂವಿಯ ಮ್ಯಾಂಡೇಟರಿ ಆಕ್ಷನ್ಸ್ ಯೂನಿಟ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಎಸ್‌ಆರ್-22 ತಲುಪಿತೇ, ಶುಲ್ಕ ಬಾಕಿ ಇದೆಯೇ, ನನ್ನ ಎಸ್‌ಆರ್-22 ಇರಬೇಕಾದ ಅವಧಿ ಮುಗಿಯುವ ದಿನಾಂಕ ಯಾವುದು. ಮೂರನೆಯದು ಮುಖ್ಯ. ಅಂತರ ಬಿದ್ದರೆ ಕೆಲವು ರಾಜ್ಯಗಳಲ್ಲಿ ಅವಧಿ ಮೊದಲಿನಿಂದ ಎಣಿಕೆಯಾಗುತ್ತದೆ. ಹಾಗಾಗಿ ಏಜೆಂಟ್ ಹೇಳಿದ ದಿನಾಂಕವನ್ನೋ ನೀವೇ ಕ್ಯಾಲೆಂಡರಿನಲ್ಲಿ ಎಣಿಸಿದ ದಿನಾಂಕವನ್ನೋ ನಂಬಬೇಡಿ.

ಇನ್ನು ಮುಂದಿನ ಮಾತು. ಕಂತು ಕಟ್ಟಿಲ್ಲ ಎಂಬ ಕಾರಣಕ್ಕೆ ರದ್ದು ಮಾಡಲು ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕೊಡಬೇಕಾದ ನೋಟಿಸ್ 10 ದಿನದ್ದು. ಊರಿಗೆ ಹೋದವರ ಅಂಚೆಪೆಟ್ಟಿಗೆಯಲ್ಲಿ ಆ 10 ದಿನ ಸುಮ್ಮನೆ ಕಳೆದುಹೋಗುತ್ತದೆ. ಎಸ್‌ಆರ್-22 ಇರುವಷ್ಟು ಕಾಲ ತಿಂಗಳ ಕಂತು ಬೇಡ. ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಕಾರ್ಡ್ ಬಿಟ್ಟು ಬ್ಯಾಂಕ್ ಖಾತೆಯಿಂದ ಕಡಿತವಾಗುವಂತೆ ಮಾಡಿ. ಖಾತೆ ನಂಬರಿಗೆ ಅವಧಿ ಮುಗಿಯುವ ಕಾಟವಿಲ್ಲ.

ಪ್ರಶ್ನೆ: ಆರು ತಿಂಗಳು ಮೈಸೂರಿನಲ್ಲಿರುತ್ತೇವೆ. ಗಾಡಿ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಓಡಿಸದ ಗಾಡಿಗೆ ವಿಮೆ ಏಕೆ? ಡಿಎಂವಿಗೆ ಪಿಎನ್‌ಒ ಕೊಟ್ಟರೆ ಸಾಲದೇ? — ಸನಿವೇಲ್

ಉತ್ತರ: ಸಾಲದು. ‘ಈ ಗಾಡಿ ಈ ವರ್ಷ ರಸ್ತೆಗಿಳಿಯುವುದಿಲ್ಲ’ ಎಂಬ ಪಿಎನ್‌ಒ ಘೋಷಣೆ ಗಾಡಿಯ ನೋಂದಣಿಗೆ ಸಂಬಂಧಿಸಿದ್ದು. ಎಸ್‌ಆರ್-22 ನಿಮಗೆ ಸಂಬಂಧಿಸಿದ್ದು. ನಿಂತ ಗಾಡಿಗೆಂದು ಕಳ್ಳತನ, ಬೆಂಕಿಗೆ ಮಾತ್ರ ಉಳಿಸಿಕೊಳ್ಳುವ ‘ಸ್ಟೋರೇಜ್’ ವಿಮೆಯೂ ನಡೆಯದು, ಅದರಲ್ಲಿ ಹೊಣೆಗಾರಿಕೆಯ ಭಾಗವೇ ಇರುವುದಿಲ್ಲ.

ದುಡ್ಡು ಉಳಿಸಬೇಕಾದರೆ ಇದನ್ನೇ ತಿರುಗಿಸಿ ಮಾಡಿ. ಹೊಣೆಗಾರಿಕೆಯನ್ನು ಹಾಗೇ ಇಟ್ಟು, ನಿಮ್ಮದೇ ಗಾಡಿಯ ಹಾನಿಗಿರುವ ಕೊಲಿಷನ್ (ಡಿಕ್ಕಿ), ಕಾಂಪ್ರಹೆನ್ಸಿವ್ (ಕಳ್ಳತನ, ಬೆಂಕಿ ಇತ್ಯಾದಿ) ಭಾಗ ತೆಗೆಸಿ. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕ್ ಇದಕ್ಕೆ ಒಪ್ಪುವುದಿಲ್ಲ, ಆಗ ಪೂರ್ತಿ ಪಾಲಿಸಿಯನ್ನೇ ಹೊರಬೇಕು. ಹೊರಡುವ ಮುನ್ನ ನವೀಕರಣದ ದಿನಾಂಕ ನೋಡಿ. ನೀವು ಮೈಸೂರಿನಲ್ಲಿರುವಾಗ ಅದು ಬಂದರೆ, ಮನೆಯ ಟಪಾಲು ತೆರೆದು ಓದಿ ಫೋಟೊ ಕಳಿಸುವ ಒಬ್ಬರನ್ನು ಗೊತ್ತುಮಾಡಿ. ಬ್ಯಾಂಕಿನ ಒಟಿಪಿ ಬರುವ ಅಮೆರಿಕದ ಸಿಮ್ಮನ್ನೂ ಜೀವಂತ ಇಟ್ಟುಕೊಳ್ಳಿ, ಕಂತು ಕಟ್ಟಲು ಕುಳಿತಾಗ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಪ್ರಶ್ನೆ: ಗಾಡಿಯನ್ನೇ ಮಾರಿಬಿಟ್ಟೆ. ರೈಲಿನಲ್ಲಿ ಓಡಾಡುತ್ತೇನೆ. ಮನೆಯಲ್ಲಿ ಹೆಂಡತಿಯ ಕಾರು ಇದೆ. ನಾನೇನು ಮಾಡಬೇಕು?

ಉತ್ತರ: ಗಾಡಿ ಇಲ್ಲದವರಿಗೆ ನಾನ್-ಓನರ್ ಪಾಲಿಸಿ ಎಂಬುದಿದೆ. ಬೇರೆಯವರ ಗಾಡಿ ಅಪರೂಪಕ್ಕೆ ಓಡಿಸುವಾಗಿನ ಹೊಣೆಗಾರಿಕೆಗೆ ಅದು. ಅದರ ಮೇಲೆ ಎಸ್‌ಆರ್-22 ಹಾಕಿಸಬಹುದು, ಸಾಮಾನ್ಯ ಪಾಲಿಸಿಗಿಂತ ಅಗ್ಗ. ಆದರೆ ನಿಮ್ಮ ಮನೆಯಲ್ಲೇ ಇರುವ ಅಥವಾ ನಿಮ್ಮ ಕೈಗೆ ದಿನವೂ ಸಿಗುವ ಗಾಡಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಹೆಂಡತಿಯ ಕಾರು ಇದೆ ಎಂದು ತಿಳಿದರೆ ಹಲವು ಕಂಪನಿಗಳು ನಾನ್-ಓನರ್ ಕೊಡುವುದೂ ಇಲ್ಲ. ಆ ವಿಷಯ ಮುಚ್ಚಿಟ್ಟು ಪಾಲಿಸಿ ಪಡೆದರೆ ಕ್ಲೇಮಿನ ದಿನ ಅದೇ ನಿಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಉಳಿದ ದಾರಿ ಎರಡು. ಒಂದು, ಹೆಂಡತಿಯ ಪಾಲಿಸಿಗೆ ನಿಮ್ಮ ಹೆಸರು ಸೇರಿಸಿ ಅಲ್ಲಿಂದಲೇ ಫೈಲಿಂಗ್ ಮಾಡಿಸುವುದು. ಪ್ರೀಮಿಯಂ ಏರುತ್ತದೆ, ಆದರೆ ಆ ಕಾರನ್ನು ಧೈರ್ಯವಾಗಿ ಓಡಿಸಬಹುದು. ಇನ್ನೊಂದು, ಆ ಪಾಲಿಸಿಯಿಂದ ನಿಮ್ಮ ಹೆಸರನ್ನು ಬರೆದು ಹೊರಗಿಡಿಸಿ, ನಿಮಗೆ ಬೇರೆಯಾಗಿ ನಾನ್-ಓನರ್ ಮಾಡಿಸುವುದು. ಹೊರಗಿಡಿಸಿದ ಮೇಲೆ ಹಾಲು ತರಲೆಂದು ಮೂಲೆಯ ಅಂಗಡಿಗೆ ಆ ಕಾರಿನಲ್ಲಿ ಹೋದರೂ ನೀವು ವಿಮೆ ಇಲ್ಲದವರೇ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಕಾರಿರುವ ಮನೆಗೆ ಮೊದಲ ದಾರಿಯೇ ವಾಸಿ. ತಿಂಗಳಿಗೆ ಉಳಿಯುವ ಹಣಕ್ಕಿಂತ ಒಂದು ದಿನದ ಮರೆವು ದುಬಾರಿ. ಲೈಸೆನ್ಸಿನ ಮೇಲೆ ಐಐಡಿ ನಿರ್ಬಂಧವಿದ್ದರೆ, ಅಂದರೆ ಉಸಿರು ಊದಿದರೆ ಮಾತ್ರ ಗಾಡಿ ಚಾಲೂ ಆಗುವ ಸಾಧನ ಕಡ್ಡಾಯವಾಗಿದ್ದರೆ, ಅದು ಹೆಂಡತಿಯ ಕಾರಿಗೂ ಬೇಕಾಗುತ್ತದೆ. ಈ ಸಾಧನಕ್ಕೂ ವಿಮೆಗೂ ಸಂಬಂಧವಿಲ್ಲ, ಒಂದನ್ನು ಮಾಡಿಸಿದ್ದರಿಂದ ಇನ್ನೊಂದು ತಪ್ಪುವುದಿಲ್ಲ.

ಪ್ರಶ್ನೆ: ಟೆಕ್ಸಸ್‌ನಲ್ಲಿ ಎಸ್‌ಆರ್-22 ಇದೆ, ಇನ್ನೂ 11 ತಿಂಗಳು ಬಾಕಿ. ಕೆಲಸ ಬದಲಾಗಿ ಪೆನ್ಸಿಲ್ವೇನಿಯಾಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಎಸ್‌ಆರ್-22 ಎಂಬುದೇ ಇಲ್ಲವಂತೆ. ಪೀಡೆ ತೊಲಗಿತೇ? — ಪ್ಲೇನೋ

ಉತ್ತರ: ಇಲ್ಲ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು ತಮ್ಮ ಚಾಲಕರಿಂದ ಎಸ್‌ಆರ್-22 ಕೇಳುವುದಿಲ್ಲ, ನಿಜ. ಆದರೆ ನಿಮ್ಮ ಋಣ ಟೆಕ್ಸಸ್‌ಗೆ. ಅಲ್ಲಿ ಸಾಮಾನ್ಯವಾಗಿ ಶಿಕ್ಷೆ ಆದ ದಿನದಿಂದ 2 ವರ್ಷ ಫೈಲಿಂಗ್ ಇರಬೇಕು. ನಡುವೆ ನಿಂತರೆ ಟೆಕ್ಸಸ್ ನಿಮ್ಮ ಚಾಲನೆಯ ಹಕ್ಕನ್ನು ಅಮಾನತು ಮಾಡುತ್ತದೆ. ಹೊಸ ರಾಜ್ಯ ಲೈಸೆನ್ಸ್ ಕೊಡುವ ಮುನ್ನ ನ್ಯಾಷನಲ್ ಡ್ರೈವರ್ ರಿಜಿಸ್ಟರ್ ಎಂಬ, ಅಮಾನತಾದ ಚಾಲಕರ ದೇಶವ್ಯಾಪಿ ಪಟ್ಟಿ ನೋಡುತ್ತದೆ, ಅಲ್ಲಿ ನಿಮ್ಮ ಹೆಸರು ಕಂಡರೆ ಕೌಂಟರಿನಿಂದಲೇ ವಾಪಸ್ ಕಳಿಸುತ್ತಾರೆ.

ಆದ್ದರಿಂದ ಮನೆ ಸಾಮಾನು ಕಟ್ಟುವ ಮೊದಲೇ ಪೆನ್ಸಿಲ್ವೇನಿಯಾದ ವಿಮಾ ಕಂಪನಿಗಳಿಗೆ ‘ಅಲ್ಲಿನ ಪಾಲಿಸಿಯ ಮೇಲೆ ಟೆಕ್ಸಸ್‌ಗೆ ಎಸ್‌ಆರ್-22 ಕಳಿಸುತ್ತೀರಾ?’ ಎಂದು ಕೇಳಿ. ಎರಡೂ ರಾಜ್ಯಗಳಲ್ಲಿ ಪರವಾನಗಿ ಇರುವ ಕಂಪನಿಯೇ ಆಗಬೇಕು. ಹೊಣೆಗಾರಿಕೆಯ ಮಿತಿ ಟೆಕ್ಸಸ್‌ನ 30/60/25ಕ್ಕಿಂತ ಕಡಿಮೆ ಇರಬಾರದು. ಈ ಅಂಕಿಗಳನ್ನು ಸಾವಿರ ಡಾಲರ್ ಲೆಕ್ಕದಲ್ಲಿ ಓದಬೇಕು: ಒಬ್ಬರ ಗಾಯಕ್ಕೆ 30, ಒಂದು ಅಪಘಾತದ ಒಟ್ಟು ಗಾಯಗಳಿಗೆ 60, ಆಸ್ತಿಯ ಹಾನಿಗೆ 25.

ಕಂಪನಿ ಬದಲಿಸುವ ಎಲ್ಲರಿಗೂ, ರಾಜ್ಯ ಬಿಡದವರಿಗೂ, ಕ್ರಮ ಇದೇ. ಹೊಸ ಪಾಲಿಸಿ ಜಾರಿಗೆ ಬರಬೇಕು, ಹೊಸ ಫೈಲಿಂಗ್ ಇಲಾಖೆಯ ದಾಖಲೆಯಲ್ಲಿ ಕಾಣಬೇಕು, ಆಮೇಲಷ್ಟೇ ಹಳೆಯದನ್ನು ನಿಲ್ಲಿಸಬೇಕು. ನಡುವೆ ಎರಡು ವಾರ ಎರಡೂ ಪಾಲಿಸಿ ಇರಲಿ. ಎಲೆಕ್ಟ್ರಾನಿಕ್ ಆಗಿ ಹೋದ ಫೈಲಿಂಗ್ ಬೇಗ ತಲುಪುತ್ತದೆ. ಕಾಗದದಲ್ಲಿ ಹೋದದ್ದು ಇಲಾಖೆಯ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಪ್ರಶ್ನೆ: ಎಸ್‌ಆರ್-22 ಮಾಡಿಸಿಕೊಂಡು ಹೋದರೆ, ಇದಲ್ಲ ಎಫ್‌ಆರ್-44 ತನ್ನಿ ಎಂದರು. — ಆಶ್‌ಬರ್ನ್, ವರ್ಜೀನಿಯಾ

ಉತ್ತರ: ಫ್ಲಾರಿಡಾ ಮತ್ತು ವರ್ಜೀನಿಯಾ ಎರಡೇ ರಾಜ್ಯಗಳಲ್ಲಿ ಡಿಯುಐ ಪ್ರಕರಣಗಳಿಗೆ ಈ ಬೇರೆ ನಮೂನೆ. ವ್ಯತ್ಯಾಸ ಇರುವುದು ಮೊತ್ತದಲ್ಲಿ. ವರ್ಜೀನಿಯಾದಲ್ಲಿ ಎಫ್‌ಆರ್-44 ಎಂದರೆ ಕನಿಷ್ಠ ವಿಮೆಯ ಎರಡರಷ್ಟು. 2025ರ ಜನವರಿಯಿಂದ ಕನಿಷ್ಠವೇ 50/100/25 ಆಗಿರುವುದರಿಂದ ನಿಮಗೆ ಬೇಕಾದದ್ದು 100/200/50. ಹಳೆಯ 60/120/40 ಹೇಳುವ ಏಜೆಂಟ್ ಸಿಕ್ಕರೆ ಬೇರೆಯವರನ್ನು ನೋಡಿ. ಫ್ಲಾರಿಡಾದಲ್ಲಿ 100/300/50.

ಪ್ರಶ್ನೆ: ನನ್ನ ಬಳಿ ಕರ್ನಾಟಕದ ಲೈಸೆನ್ಸ್, ಅಂತರರಾಷ್ಟ್ರೀಯ ಪರ್ಮಿಟ್ ಎರಡೂ ಚಾಲ್ತಿಯಲ್ಲಿವೆ. ಡಿಯುಐನಿಂದ ಅಮಾನತಾದ ಕ್ಯಾಲಿಫೋರ್ನಿಯಾ ಲೈಸೆನ್ಸ್ ಮರಳಿ ಬರುವವರೆಗೆ ಇವುಗಳ ಮೇಲೆ ಓಡಿಸಬಹುದೇ?

ಉತ್ತರ: ಓಡಿಸಬಾರದು. ಅಮಾನತಾದದ್ದು ಕಾರ್ಡ್ ಅಲ್ಲ, ಆ ರಾಜ್ಯದ ರಸ್ತೆಯಲ್ಲಿ ಓಡಿಸುವ ನಿಮ್ಮ ಹಕ್ಕು. ಡಿಯುಐ ಅಮಾನತಿನಲ್ಲಿದ್ದಾಗ ಓಡಿಸಿ ಸಿಕ್ಕರೆ ಮೊದಲ ಸಲವೇ ಕನಿಷ್ಠ 10 ದಿನ ಜೈಲು, 300ರಿಂದ 1,000 ಡಾಲರ್ ದಂಡ.

ಪ್ರಶ್ನೆ: ಕಂಪನಿ ಎಸ್‌ಆರ್-22 ಕಳಿಸಿದೆ ಎನ್ನುತ್ತದೆ, ಡಿಎಂವಿ ಬಂದೇ ಇಲ್ಲ ಎನ್ನುತ್ತದೆ. ಎರಡು ಸಲ ಹೀಗಾಯಿತು.

ಉತ್ತರ: ನಿಮ್ಮ ಹೆಸರನ್ನು ನೋಡಿ. ನಮ್ಮವರಲ್ಲಿ ಇದು ಸಾಮಾನ್ಯ ಕಾಯಿಲೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರ ಇಡೀ ಹೆಸರು ವೀಸಾದಲ್ಲಿ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂದು) ಬಂದು ಕೂರುತ್ತದೆ. ಲೈಸೆನ್ಸಿನಲ್ಲೂ ಅದೇ ಉಳಿಯುತ್ತದೆ. ವಿಮೆ ಮಾಡಿಸುವಾಗ ಮಾತ್ರ ನಾವು ಆಫೀಸಿನಲ್ಲಿ ಬಳಸುವ ಹೆಸರು ಹೇಳುತ್ತೇವೆ. ಇನಿಷಿಯಲ್ ಬಿಡಿಸಿ ಬರೆದವರದೂ, ಅಪ್ಪನ ಹೆಸರು ಒಂದು ಕಡೆ ಊರಿನ ಹೆಸರು ಇನ್ನೊಂದು ಕಡೆ ಕೊಟ್ಟವರದೂ ಇದೇ ಕತೆ. ಹುಟ್ಟಿದ ದಿನಾಂಕದಲ್ಲಿ ದಿನ ಮತ್ತು ತಿಂಗಳು ಅದಲು ಬದಲಾಗಿರುವುದೂ ಉಂಟು. 5ನೇ ತಾರೀಖು ಆಗಸ್ಟ್, ಅಮೆರಿಕದ ಬರಹದಲ್ಲಿ 8ನೇ ತಾರೀಖು ಮೇ ಆಗಿಬಿಡುತ್ತದೆ. ಲೈಸೆನ್ಸ್ ಕಾರ್ಡ್ ಮುಂದಿಟ್ಟುಕೊಂಡು ಹೆಸರು, ಲೈಸೆನ್ಸ್ ನಂಬರ್, ಹುಟ್ಟಿದ ದಿನಾಂಕ ಮೂರನ್ನೂ ಅಕ್ಷರ ಅಕ್ಷರವಾಗಿ ಏಜೆಂಟರಿಗೆ ಓದಿಸಿ, ತಿದ್ದಿದ ಫೈಲಿಂಗ್ ಪ್ರತಿಯನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಪ್ರಶ್ನೆ: ಬರುವ ತಿಂಗಳಿಗೆ ನನ್ನ 3 ವರ್ಷ ಮುಗಿಯುತ್ತದೆ. ಎಸ್‌ಆರ್-22 ತಾನಾಗಿ ಹೋಗುತ್ತದೆಯೇ? — ಸ್ಯಾನ್ ಹೋಸೆ

ಉತ್ತರ: ಹೋಗುವುದಿಲ್ಲ, ನೀವು ಹೇಳುವವರೆಗೆ ಹೆಚ್ಚಿನ ಕಂಪನಿಗಳು ಅದನ್ನು ಮುಂದುವರಿಸುತ್ತವೆ. ಆದರೆ ಅವಸರ ಬೇಡ. 3 ವರ್ಷ ಎಲ್ಲಿಂದ ಶುರುವಾಯಿತು ಎಂಬುದರಲ್ಲೇ ಎಡವುವವರು ಹೆಚ್ಚು. ಬಂಧನದ ದಿನ, ಶಿಕ್ಷೆಯ ದಿನ, ಲೈಸೆನ್ಸ್ ಮರಳಿದ ದಿನ ಮೂರೂ ಬೇರೆ ಬೇರೆ. ಡಿಎಂವಿ ಜಾಲತಾಣದಲ್ಲಿ 2 ಡಾಲರ್ ಕೊಟ್ಟು ನಿಮ್ಮ ಚಾಲಕ ದಾಖಲೆ ತೆಗೆಸಿ, ಕೊನೆಯ ದಿನಾಂಕವನ್ನು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ. ಒಂದೇ ವಾರ ಮುಂಚೆ ತೆಗೆಸಿದರೂ ಎಸ್‌ಆರ್-26 ಹೋಗುತ್ತದೆ, ಮತ್ತೆ ಅಮಾನತು. ಆ ದಿನಾಂಕ ದಾಟಿದ ಮೇಲೆ ಬರುವ ಮೊದಲ ನವೀಕರಣದಲ್ಲಿ ತೆಗೆಸಿ, ಆಗಲೇ ನಾಲ್ಕು ಕಂಪನಿಗಳಲ್ಲಿ ದರ ವಿಚಾರಿಸಿ. ಪ್ರೀಮಿಯಂ ಹಳೆಯ ಮಟ್ಟಕ್ಕೆ ಇಳಿಯುತ್ತದೆಂದು ಮಾತ್ರ ಎಣಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಡಿಯುಐ ಆದವರಿಗೆ ಒಳ್ಳೆಯ ಚಾಲಕರ ಶೇ 20ರ ರಿಯಾಯಿತಿ 10 ವರ್ಷ ಸಿಗುವುದಿಲ್ಲ, ಎಸ್‌ಆರ್-22 ಹೋದರೂ ಆ ಲೆಕ್ಕ ಬೇರೆಯೇ ಓಡುತ್ತಿರುತ್ತದೆ.